ಗಸಗಸೆಯ ಉಸಿರು

ನೀರಿನ ಟ್ಯಾಂಕಿನ ಆಚೆಯ ಹುಲ್ಲುಗಾವಲು,
ಭಾನುವಾರ, ಅಕ್ಟೋಬರ್ ೧೪

ಪ್ರೀತಿಯ ಇವಳೇ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಮಗಳ ಮನೆಯ ಮೆಟ್ಟಿಲು ಬಹಳ ಕಡಿದು ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಹತ್ತಿ ಇಳಿಯುವಾಗ ಮಗುವನ್ನು ನೀನು ಎತ್ತಿಕೊಳ್ಳಬೇಡ, ಅಳಿಯನ ಕೈಗೆ ಕೊಡು, ಅವನಿಗೂ ಅಭ್ಯಾಸವಾಗಲಿ. ಮಗಳು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೋ ಇಲ್ಲವೋ, ಗದರಿಸಿ ಮಾಡಿಸು. ಮೊಮ್ಮಗಳು ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಎಚ್ಚರ ಎಂದು ದೂರಿದ್ದೀಯ. ಅದು ನನ್ನ ಕಡೆಯ ರಕ್ತ, ನೀನು ಎಷ್ಟು ತೂಗಿದರೂ ಬದಲಾಗುವುದಿಲ್ಲ. ಬೇಕರಿಯವನ ಮೊಮ್ಮಗಳು ಊರು ಮಲಗಿದಾಗ ತಾನೇ ಏಳಬೇಕು? ಇನ್ನು ನಾನು. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ನೀನು ನಂಬುವುದಿಲ್ಲ ಎಂದು ಗೊತ್ತು. ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದು ಹೇಳಿ ಮುಗಿಸುವಷ್ಟರಲ್ಲಿ ನನಗೆ ಕೆಮ್ಮು ಬರುತ್ತಿತ್ತು, ಕೆಮ್ಮು ಬಂದರೆ ನೀನು ಬೈಯುತ್ತಿದ್ದೆ, ನೀನು ಬೈದರೆ ಅಲ್ಲಿ ಮಗು ಎದ್ದು ಅಳುತ್ತಿತ್ತು. ಹೇಳಬೇಕಾದದ್ದೆಲ್ಲ ಗಂಟಲಲ್ಲೇ ಉಳಿದುಹೋಯಿತು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಉದ್ದವಾಗುತ್ತದೆ, ಮಗು ಮಲಗಿದ ಮೇಲೆ ಓದು.

ಬ್ರೆಡ್ಡಿನ ಹಳೆಯ ಟ್ರೇ ಒಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದೇನೆ. ಇನ್ನೊಂದು ತೊಡೆಯ ಮೇಲಿದೆ, ಅದೇ ಮೇಜು. ಎದುರಿಗೆ ಗಸಗಸೆ ಮೇಯುತ್ತಿದ್ದಾಳೆ. ಅವಳು ಒಂದು ಹೆಜ್ಜೆ ಇಟ್ಟರೆ ಅವಳ ನೆರಳು ನನ್ನ ಕಾಗದದ ಮೇಲೆ ಬರುತ್ತದೆ, ಇನ್ನೊಂದು ಹೆಜ್ಜೆಗೆ ಸರಿದುಹೋಗುತ್ತದೆ. ನೆರಳಿನಲ್ಲಿ ಒಂದಷ್ಟು ಸಾಲು, ಬಿಸಿಲಿನಲ್ಲಿ ಒಂದಷ್ಟು ಸಾಲು, ಹೀಗೇ ಬರೆಯುತ್ತಿದ್ದೇನೆ. ಕೆಳಗೆ ಪೇಟೆ ಕಾಣುತ್ತದೆ, ನಮ್ಮ ಬೇಕರಿಯ ಚಿಮಣಿಯೂ ಕಾಣುತ್ತದೆ, ಆದರೆ ಅಲ್ಲಿನ ಸದ್ದು ಇಷ್ಟು ಮೇಲೆ ಬರುವಷ್ಟರಲ್ಲಿ ಅರ್ಧ ಕರಗಿ, ಯಾರೋ ಪಕ್ಕದ ಕೋಣೆಯಲ್ಲಿ ಮೆಲ್ಲಗೆ ಮಾತಾಡಿಕೊಂಡ ಹಾಗೆ ಕೇಳುತ್ತದೆ. ಗಾಳಿ ಬಂದಾಗ ಹುಲ್ಲು ಒಂದೇ ಕಡೆ ಒರಗುತ್ತದೆ, ಅವಳ ಜೂಲೂ ಅದೇ ಕಡೆ ಒರಗುತ್ತದೆ. ಕೆಲವೊಮ್ಮೆ ನಾನು ಎಚ್ಚರವಾಗಿದ್ದೇನೋ, ಕೂತಲ್ಲೇ ತೂಕಡಿಸುತ್ತಿದ್ದೇನೋ ನನಗೇ ತಿಳಿಯುವುದಿಲ್ಲ.

ನೀನು ಪ್ರತಿ ಕಾಗದದ ಕೊನೆಯಲ್ಲೂ ಕೇಳಿದ್ದೀಯ, ‘ಗಸಗಸೆ ಹೇಗಿದ್ದಾಳೆ?’ ಎಂದು. ನಾನು ಪ್ರತಿ ಸಲವೂ ಬೇರೇನೋ ಬರೆದು ಜಾರಿಕೊಂಡಿದ್ದೇನೆ. ಇವತ್ತು ಜಾರಿಕೊಳ್ಳುವುದಿಲ್ಲ. ಬಂಡಿ ಎಳೆಯಲೆಂದು ತಂದ ಬಿಳಿ ಹೆಣ್ಣು ಕುದುರೆಯ ಮೈತುಂಬ ಬೂದು ಚುಕ್ಕೆ ಕಂಡು, ‘ಬನ್ನಿನ ಮೇಲೆ ಗಸಗಸೆ ಉದುರಿಸಿದ ಹಾಗಿದ್ದಾಳೆ ನೋಡಿ’ ಎಂದು ಹೆಸರಿಟ್ಟವಳು ನೀನೇ. ನೀನು ಊರಿಗೆ ಹೋದ ಮೇಲೆ ಆ ಹೆಸರು ಅವಳ ಎದೆಯೊಳಗಿಂದಲೇ ಕೇಳಿಸತೊಡಗಿತು. ಗಸ ಗಸ, ಗಸ ಗಸ. ಬೆಳಗ್ಗೆ ಬಂಡಿ ಕಟ್ಟಿ ಬೀದಿಯ ಮೊದಲ ಏರು ಹತ್ತುವಾಗ ಎರಡು ಕೆಮ್ಮು ಕೆಮ್ಮುತ್ತಿದ್ದಳು. ಗಂಟಲಿಗೆ ಹುಲ್ಲು ಸಿಕ್ಕಿರಬೇಕು ಎಂದುಕೊಂಡೆ. ಆಮೇಲೆ ನಿಂತಲ್ಲೂ ಕೆಮ್ಮಿದಳು. ಮೂಗಿನ ಹೊಳ್ಳೆ ಬಟ್ಟಲಿನ ಹಾಗೆ ಅರಳಿಕೊಂಡೇ ಇರುತ್ತಿತ್ತು. ಉಸಿರು ಒಳಗೆ ಹೋಗುವುದು ಸುಲಭ, ಹೊರಗೆ ತಳ್ಳುವುದೇ ಕಷ್ಟ. ಒಂದು ಸಲ ಬಿಟ್ಟು, ಸಾಲದೆ ಹೊಟ್ಟೆಯನ್ನು ಹಿಂಡಿ ಇನ್ನೊಂದು ಸಲ ಬಿಡಬೇಕು. ಹಾಗೆ ಹಿಂಡಿ ಹಿಂಡಿ ಪಕ್ಕೆಯ ಕೆಳಗೆ ಒಂದು ಗೆರೆಯೇ ಮೂಡಿತ್ತು, ಹಿಟ್ಟಿನ ಉಂಡೆಯ ಮೇಲೆ ದಾರ ಒತ್ತಿದ ಹಾಗೆ.

ಒಂದು ದಿನ ಹೊಲಿಗೆಯವನ ಅಂಗಡಿ ಎದುರಿನ ಏರಿನಲ್ಲಿ ನಿಂತುಬಿಟ್ಟಳು. ಬೈಯಲಿಲ್ಲ, ಎಳೆಯಲಿಲ್ಲ, ನಾನೂ ಅವಳ ಪಕ್ಕ ನಿಂತೆ. ಅವಳು ಕೆಮ್ಮಿದಳು. ಅವಳದನ್ನು ಕೇಳಿ ನನಗೂ ಬಂತು. ನಾನು ಮುಗಿಸಿದೆ ಎನ್ನುವಾಗ ಅವಳಿಗೆ ಮತ್ತೆ ಶುರು. ಶಾಲೆಗೆ ಹೋಗುವ ಮಕ್ಕಳು ಸುತ್ತ ನಿಂತು ಯಾರದು ಮೊದಲು ನಿಲ್ಲುತ್ತದೆ ಎಂದು ಪಂದ್ಯ ಕಟ್ಟಿದರು. ಹೊಲಿಗೆಯವನು ಹೊರಗೆ ಬಂದು, ‘ಗಂಡ ಹೆಂಡತಿ ಜಗಳ ಆಡೋದನ್ನ ನೋಡಿದೀನಿ, ಹೀಗೆ ಜುಗಲ್‌ಬಂದಿ ಕೆಮ್ಮೋದನ್ನ ನೋಡಿರಲಿಲ್ಲ’ ಎಂದ. ನಾನೂ ನಕ್ಕೆ. ಆದರೆ ಅವಳ ಕುತ್ತಿಗೆಯ ಮೇಲೆ ಕೈಯಿಟ್ಟಾಗ ನಗು ನಿಂತುಹೋಯಿತು. ನಿಂತೇ ಇದ್ದ ಮೈ ಬೆವತು ಒದ್ದೆಯಾಗಿತ್ತು. ಬಂಡಿ ಬಿಚ್ಚಿ ಅವಳನ್ನು ಮನೆಗೆ ನಡೆಸಿಕೊಂಡು ಬಂದೆ. ಆ ದಿನದ ಬ್ರೆಡ್ಡನ್ನು ಬೀದಿಯವರೇ ಬುಟ್ಟಿಯಲ್ಲಿ ಹೊತ್ತು ಮನೆ ಮನೆಗೆ ಮುಟ್ಟಿಸಿದರು.

ಡಾಕ್ಟರಮ್ಮ ಬಂದರು. ನೀನು ನೋಡಿಲ್ಲ, ಹೊಸಬರು, ನಮ್ಮ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಅವಸರವೇ ಇಲ್ಲದ ಹೆಂಗಸು. ಮೊದಲು ಕುದುರೆಯನ್ನು ಮುಟ್ಟಲೇ ಇಲ್ಲ, ಲಾಯದ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತು ಸುಮ್ಮನೆ ನೋಡಿದರು. ಆಮೇಲೆ ಮೇಲಿನ ಅಟ್ಟ ನೋಡಿದರು, ಅಟ್ಟದ ಸಂದಿಯಿಂದ ಉದುರುವ ಹುಲ್ಲಿನ ಪುಡಿ ನೋಡಿದರು, ನೆಲಕ್ಕೆ ಹಾಸಿದ ಒಣಹುಲ್ಲನ್ನು ಬೂಟಿನಲ್ಲಿ ಕೆದಕಿ ಬಿಸಿಲಿನ ಕೋಲಿನಲ್ಲಿ ಏಳುವ ಧೂಳನ್ನು ನೋಡಿದರು. ಕೊನೆಗೆ ಗೋಡೆ ತಟ್ಟಿ, ‘ಇದರಾಚೆ ಏನಿದೆ?’ ಎಂದು ಕೇಳಿದರು. ‘ಹಿಟ್ಟಿನ ಕೋಣೆ’ ಎಂದೆ. ‘ಸರಿಹೋಯ್ತು’ ಎಂದರು. ಆಮೇಲೆ ಹೇಳಿದ್ದು ಇಷ್ಟು: ‘ಇದು ನೆಗಡಿ ಅಲ್ಲ ಯಜಮಾನ್ರೇ, ಆಸ್ತಮಾ. ಮನುಷ್ಯರಿಗೆ ಬರೋ ಹಾಗೇ ಕುದುರೆಗೂ ಬರುತ್ತೆ. ಪೂರ್ತಿ ವಾಸಿ ಮಾಡ್ತೀನಿ ಅಂತ ಸುಳ್ಳು ಹೇಳಲ್ಲ. ಜೀವಮಾನ ಪೂರ್ತಿ ಜೊತೇಲೇ ಇರುತ್ತೆ. ಆದರೆ ಮೂಗಿನ ಹತ್ತಿರ ಧೂಳು ಬರದ ಹಾಗೆ ನೋಡ್ಕೊಂಡ್ರೆ ಅವಳು ಆರಾಮಾಗಿ ಬದುಕ್ತಾಳೆ.’ ಕೇಳುವ ಕೊಳವೆಯನ್ನು ನನ್ನ ಕಿವಿಗೂ ಇಟ್ಟರು. ಇವಳೇ, ಕುದುರೆಯ ಎದೆಯೊಳಗೆ ಎಷ್ಟು ದೊಡ್ಡ ಜಾಗವಿದೆ ಗೊತ್ತಾ! ಖಾಲಿ ಸಭಾಂಗಣದಲ್ಲಿ ಯಾರೋ ಒಣ ಎಲೆಯ ಮೇಲೆ ನಡೆದಾಡಿದ ಹಾಗೆ, ಎಲ್ಲೋ ಮೂಲೆಯಲ್ಲಿ ಸಣ್ಣ ಸೀಟಿ ಊದಿದ ಹಾಗೆ, ನಡುವೆ ಹುಳಿಬಂದ ಹಿಟ್ಟಿನ ಗುಳ್ಳೆ ಒಡೆದ ಹಾಗೆ. ನಾನು ಕೇಳುತ್ತ ಎಷ್ಟು ಹೊತ್ತು ನಿಂತಿದ್ದೆನೋ. ಕೊಳವೆ ವಾಪಸ್ ಕೊಡುವಾಗ ಕೆಮ್ಮು ಬಂತು. ಅವರು ನನ್ನನ್ನೇ ನೋಡಿ, ‘ಎರಡು ಕಾಲಿನವರಿಗೆ ನಾನು ಔಷಧಿ ಬರೆಯೋ ಹಾಗಿಲ್ಲ, ಬರೆಯೋ ಹಾಗಿದ್ರೆ ಇದನ್ನೇ ಬರೀತಿದ್ದೆ’ ಎಂದರು.

ಆಮೇಲೆ ನಡೆದ ಕೆಲಸವನ್ನೆಲ್ಲ ನೀನು ನೋಡಬೇಕಿತ್ತು. ನೋಡದಿದ್ದದ್ದೇ ಒಳ್ಳೆಯದಾಯಿತು. ಅಟ್ಟದ ಹುಲ್ಲನ್ನೆಲ್ಲ ನಿನ್ನ ತಮ್ಮನೂ ನಾನೂ ಸೇರಿ ಇಳಿಸಿ ಹಿತ್ತಲಿನ ಆ ತುದಿಗೆ ಸಾಗಿಸಿದೆವು. ನೆಲಕ್ಕೆ ಒಣಹುಲ್ಲಿನ ಬದಲು ಅಚ್ಚಿನ ಮನೆಯವರು ಕತ್ತರಿಸಿ ಬಿಸಾಡುವ ಕಾಗದದ ಚೂರು ಹಾಸಿದೆವು. ಅವಳು ಮಲಗಿ ಎದ್ದರೆ ಪಕ್ಕೆಯ ಮೇಲೆ ಅರ್ಧರ್ಧ ಸುದ್ದಿ ಅಂಟಿಕೊಂಡಿರುತ್ತಿತ್ತು. ಒಂದು ದಿನ ಅವಳ ತೊಡೆಯ ಮೇಲೆ ‘ನಾಳೆ ಮೋಡ ಕವಿದ’ ಎಂದು ಓದಿ, ನಿನ್ನ ತಮ್ಮ ನಿಜವಾಗಿಯೂ ಕೊಡೆ ತೆಗೆದುಕೊಂಡು ಅಂಗಡಿಗೆ ಹೋದ. ತಿನ್ನುವ ಹುಲ್ಲನ್ನು ನೀರಿನಲ್ಲಿ ಮುಳುಗಿಸಿ, ಬಸಿದು, ಹಸಿಯಾಗಿರುವಾಗಲೇ ನೆಲದ ಮೇಲೆ ಹಾಕಬೇಕು. ತಲೆ ತಗ್ಗಿಸಿ ತಿಂದರೆ ಎದೆಯ ಕಫ ತಾನಾಗಿ ಇಳಿದುಬರುತ್ತದಂತೆ. ಅಷ್ಟು ಹುಲ್ಲು ಮುಳುಗುವ ಪಾತ್ರೆ ಎಲ್ಲಿ ತರಲಿ? ನಿನ್ನ ದೊಡ್ಡ ಕಲಸುವ ತೊಟ್ಟಿಯನ್ನೇ ತೆಗೆದುಕೊಂಡೆ. ಬೈಯಬೇಡ. ಒದ್ದೆ ಹುಲ್ಲಿನ ವಾಸನೆ ಎಷ್ಟು ಹಿತವಾಗಿರುತ್ತದೆಂದರೆ, ಅದರ ಮುಂದೆ ಹೊಸ ಬ್ರೆಡ್ಡೂ ಸ್ವಲ್ಪ ನಾಚಿಕೊಳ್ಳಬೇಕು. ಲಾಯ ಗುಡಿಸುವಾಗ ಅವಳನ್ನು ಹೊರಗೆ ಕಟ್ಟಬೇಕು, ಧೂಳು ಕೂತ ಮೇಲೆಯೇ ಒಳಗೆ ಬಿಡಬೇಕು. ಇಷ್ಟೆಲ್ಲ ಸಂಸಾರ ಮಗಳು ಹುಟ್ಟಿದಾಗಲೂ ನಾನು ಮಾಡಿರಲಿಲ್ಲ ಎಂದು ನೀನು ಹೇಳುವುದು ನನಗೆ ಇಲ್ಲಿಂದಲೇ ಕೇಳುತ್ತಿದೆ.

ಇದರ ಮೇಲೆ ಔಷಧಿಯ ಪಂಪು. ಮೂತಿಗೆ ಬಟ್ಟಲಿನಂತೆ ಕೂರುವ ಒಂದು ಮುಖವಾಡ, ಅದಕ್ಕೆ ಒಂದು ಡಬ್ಬಿ, ಡಬ್ಬಿಗೆ ಪಂಪು. ಒತ್ತಿದರೆ ಔಷಧಿ ಮಂಜಿನ ಹಾಗೆ ಒಳಗೆ ತುಂಬುತ್ತದೆ, ಅವಳು ಅದನ್ನು ನಿಧಾನವಾಗಿ ಉಸಿರಾಡಬೇಕು. ಮೊದಲ ದಿನ ಅವಳು ಅದನ್ನು ಕಂಡು ಕಣ್ಣಿನ ಬಿಳಿ ತೋರಿಸಿ ಗೋಡೆಗೆ ಒರಗಿಬಿಟ್ಟಳು. ಮುಖವಾಡದ ಅಂಚು ಗಟ್ಟಿ, ಅವಳ ಕೆನ್ನೆಗೆ ಒತ್ತುತ್ತಿತ್ತು. ನಿನ್ನ ತಮ್ಮ ಅದನ್ನು ತನ್ನ ಚಪ್ಪಲಿ ಅಂಗಡಿಗೆ ಒಯ್ದು, ಕೂಸಿನ ಬೂಟಿಗೆ ಹಾಕುವ ಮೆತ್ತನೆಯ ಚರ್ಮವನ್ನು ಸುತ್ತಲೂ ಹೊಲಿದು ತಂದ. ‘ಭಾವಾ, ನನ್ನ ಜೀವಮಾನದಲ್ಲಿ ಮೂತಿಗೆ ಚಪ್ಪಲಿ ಹೊಲಿದದ್ದು ಇದೇ ಮೊದಲು’ ಎಂದ. ಆದರೂ ಅವಳು ಒಪ್ಪಲಿಲ್ಲ. ಆಗ ನಾನೊಂದು ಉಪಾಯ ಮಾಡಿದೆ. ಬಿಸ್ಕತ್ತಿನ ಖಾಲಿ ಡಬ್ಬವನ್ನು ನನ್ನ ಮೂಗಿಗೆ ಹಿಡಿದು ಅವಳ ಎದುರಿಗೆ ನಿಂತು, ಜೋರಾಗಿ ಒಳಗೆ, ನಿಧಾನವಾಗಿ ಹೊರಗೆ ಎಂದು ಉಸಿರಾಡಿದೆ. ಹಲವು ದಿನ ಹೀಗೇ ನಡೆಯಿತು. ಕುದುರೆಗೆ ಅರ್ಥವಾಯಿತೋ, ಇಲ್ಲ ಈ ಮುದುಕನ ಮೇಲೆ ಕನಿಕರ ಬಂತೋ, ಒಂದು ಬೆಳಗ್ಗೆ ತಾನಾಗಿ ಮೂತಿ ಮುಂದೆ ಚಾಚಿದಳು. ಆಮೇಲಿನ ಆ ಹೊತ್ತು ಇದೆಯಲ್ಲ, ನನಗೆ ದಿನದಲ್ಲಿ ಅದೇ ಇಷ್ಟ. ಪಂಪು ಒತ್ತಿ, ಅವಳ ಹಣೆಗೆ ನನ್ನ ಹಣೆ ತಾಗಿಸಿ ನಿಲ್ಲುತ್ತೇನೆ. ಅವಳ ರೆಪ್ಪೆ ಅರ್ಧ ಮುಚ್ಚುತ್ತದೆ. ಅವಳ ಉಸಿರಿನ ಬಿಸಿ ನನ್ನ ಅಂಗಿಯೊಳಗೆ ಬರುತ್ತದೆ. ಏನೂ ಯೋಚನೆ ಇರುವುದಿಲ್ಲ. ಮಗು ನನ್ನ ಎದೆಯ ಮೇಲೆ ಮಲಗಿದಾಗ ಅದರ ಉಸಿರು ಕೇಳುತ್ತ ಕೂತಿರುತ್ತೇನೆ, ಒಲೆಯ ಮೇಲೆ ಹಾಲಿಟ್ಟದ್ದೂ ಮರೆಯುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗ ನೀನು ಪಕ್ಕದಲ್ಲೇ ಕೂತು ಹೇಳಿದ ಹಾಗಾಯಿತು.

ಸ್ವಲ್ಪ ಕಾಲ ಎಲ್ಲ ಸರಿಹೋಗುತ್ತಿದೆ ಎಂದುಕೊಂಡೆವು. ಪಕ್ಕೆಯ ಗೆರೆ ಮಾಸುತ್ತ ಬಂತು. ಹಿತ್ತಲಲ್ಲಿ ಬಾಲ ಎತ್ತಿಕೊಂಡು ಒಂದು ಸುತ್ತು ಓಡಿದಳು ಕೂಡ. ಆಮೇಲೆ ಆ ಹಿಟ್ಟಿನ ಲಾರಿ ಬಂದ ದಿನ. ಚೀಲ ಇಳಿಸುತ್ತಿದ್ದರು, ಜೋರು ಗಾಳಿಯಿತ್ತು. ಒಂದು ಚೀಲ ಕೈಜಾರಿ ಅಂಗಳದ ನಡುವೆ ಬಿದ್ದು ಒಡೆಯಿತು. ಹಿಟ್ಟು ನೆಲಕ್ಕೆ ಬೀಳಲೇ ಇಲ್ಲ, ಎದ್ದು ನಿಂತಿತು. ಬಿಳಿ ಪರದೆಯ ಹಾಗೆ ಅಂಗಳವನ್ನೆಲ್ಲ ತುಂಬಿ ಲಾಯದೊಳಕ್ಕೆ ನುಗ್ಗಿತು. ನಾನು ಓಡಿದೆ. ಒಳಗೆ ಬಿಳಿ ಮೋಡದಲ್ಲಿ ಬಿಳಿ ಕುದುರೆ, ಕಣ್ಣಿಗೆ ಏನೂ ಕಾಣದು, ಅವಳ ಎದೆಯ ಸದ್ದು ಮಾತ್ರ. ಹಗ್ಗದ ಗಂಟು ಬಿಚ್ಚಲು ಹೋದೆ, ಕೆಮ್ಮು ಹಿಡಿದುಕೊಂಡಿತು. ಬೆರಳು ನನ್ನ ಮಾತು ಕೇಳಲಿಲ್ಲ. ನಿಂತಲ್ಲೇ ಅವಳ ಕುತ್ತಿಗೆಗೆ ಜೋತುಬಿದ್ದೆ ಎಂದು ಕಾಣುತ್ತದೆ. ಆಗ ಆ ಮೋಡದೊಳಗೆ ನಮ್ಮ ಬೇಕರಿಯ ಹಿಟ್ಟು ಕಲಸುವ ಅಕ್ಕ ಬಂದಳು. ನಿನಗೆ ಅವಳ ತೋಳು ಗೊತ್ತಲ್ಲ, ಇಷ್ಟು ವರ್ಷ ದಿನಾ ಹಿಟ್ಟು ನಾದಿದ ತೋಳು. ಒಂದು ಕೈಯಲ್ಲಿ ಚಾಕುವಿನಿಂದ ಹಗ್ಗ ಕೊಯ್ದು ಅದನ್ನೇ ಸುತ್ತಿ ಹಿಡಿದಳು, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ಕಾಲರು. ಇಬ್ಬರನ್ನೂ ಎಳೆದು ಬೀದಿಗೆ ತಂದು ಹಾಕಿದಳು. ಆಮೇಲೆ ನಾನು ಕೇಳಿದಾಗ, ‘ಯಾರನ್ನ ಮೊದಲು ಎಳೀಬೇಕು ಅಂತ ಯೋಚಿಸೋಕೆ ಹೊತ್ತಿರಲಿಲ್ಲ ಅಣ್ಣಾ, ಅದಕ್ಕೇ ಇಬ್ಬರನ್ನೂ ಎಳೆದೆ’ ಎಂದಳು. ಇದನ್ನು ನಾನು ಫೋನಿನಲ್ಲಿ ಹೇಳದಿದ್ದದ್ದಕ್ಕೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಆಗ ಮಗುವಿಗೆ ಜ್ವರ, ನೀನು ಅದರ ಪಕ್ಕ ಬಿಟ್ಟು ಏಳುವ ಹಾಗಿರಲಿಲ್ಲ.

ಡಾಕ್ಟರಮ್ಮ ಬಂದು ಸೂಜಿ ಹಾಕಿದರು. ಗಸಗಸೆಯ ಒಸಡು ಮಾಸಿದ ನೀಲಿಗೆ ತಿರುಗಿತ್ತು. ಬಹಳ ಹೊತ್ತಿನ ಮೇಲೆ ಸ್ವಲ್ಪ ಗುಲಾಬಿ ಬಂತು. ಬೀದಿಯ ಕಲ್ಲಿನ ಮೇಲೆ ನನ್ನ ಪಕ್ಕ ಕೂತು ಡಾಕ್ಟರಮ್ಮ ಹೇಳಿದರು, ‘ಯಜಮಾನ್ರೇ, ಈ ಅಂಗಳದಲ್ಲಿ ಇವಳು ಇನ್ನೊಂದು ಸಲ ಇದನ್ನ ತಡ್ಕೊಳ್ಳಲ್ಲ. ಎರಡು ದಾರಿ ಇದೆ. ಬಯಲಿಗೆ ಕಳಿಸಿ, ಹಗಲೂ ರಾತ್ರಿ ಗಾಳಿ ಸಿಗೋ ಕಡೆ. ಅದು ಆಗಲ್ಲ ಅಂದ್ರೆ, ನೋವಿಲ್ಲದ ಹಾಗೆ ನಾನೇ ಕಳಿಸಿಕೊಡ್ತೀನಿ. ಅದೂ ಪ್ರೀತಿನೇ, ತಪ್ಪು ಅಂದುಕೋಬೇಡಿ.’ ಅವರ ದನಿಯಲ್ಲಿ ಒತ್ತಾಯವೇ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಗಸಗಸೆ ನನ್ನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡು ನಿಂತಿದ್ದಳು, ಅಷ್ಟು ಭಾರದ ತಲೆ. ಸುದ್ದಿ ಕೇಳಿ ಓಡಿಬಂದಿದ್ದ ನಿನ್ನ ತಮ್ಮನೇ ಒಂದು ದಾರಿ ಹೇಳಿದ. ಗುಡ್ಡದ ಮೇಲೆ ನೀರಿನ ಟ್ಯಾಂಕು ಕಾಯುವ ಅಜ್ಜ ಇದ್ದಾನಲ್ಲ, ಅವನ ಹುಲ್ಲುಗಾವಲಿನಲ್ಲಿ ಒಂದು ಮೇಕೆ ಬಿಟ್ಟರೆ ಬೇರೆ ಯಾರೂ ಇಲ್ಲ, ಕೇಳಿ ನೋಡೋಣ ಎಂದ. ಅಜ್ಜ, ‘ಮೇಕೆಗೂ ಮಾತಾಡೋಕೆ ಯಾರಾದ್ರೂ ಬೇಕು, ಕರ್ಕೊಂಡು ಬನ್ನಿ’ ಎಂದನಂತೆ.

ಎರಡು ದಿನ ಅವಳು ಸುಧಾರಿಸಿಕೊಳ್ಳಲಿ ಎಂದು ಬಿಟ್ಟು, ಒಂದು ಮಧ್ಯಾಹ್ನ ಹೊರಟೆವು. ಆ ನಡಿಗೆಯನ್ನು ನಿನಗೆ ಹೇಗೆ ಹೇಳಲಿ? ಬಂಡಿಯಿಲ್ಲ, ಗಂಟೆಯಿಲ್ಲ, ನಾನು ಒಂದು ಕಡೆ, ನಿನ್ನ ತಮ್ಮ ಒಂದು ಕಡೆ, ನಡುವೆ ಅವಳು. ಬೀದಿಯ ತುದಿಯ ಮನೆಯ ಮುಂದೆ ಹೋಗಿ ನಿಂತಳು. ದಣಿವಾಯಿತೇನೋ ಎಂದುಕೊಂಡೆವು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೊರಟಳು, ಮುಂದಿನ ಮನೆಯ ಮುಂದೆ ಮತ್ತೆ ನಿಂತಳು. ಆಗ ಹೊಳೆಯಿತು. ದಿನಾ ಬ್ರೆಡ್ಡು ಕೊಡುವ ಮನೆಗಳು! ಒಂದನ್ನೂ ಬಿಡಲಿಲ್ಲ ಇವಳೇ. ಸಂಗೀತದ ಟೀಚರ ಮನೆ, ಮಹಡಿಯಿಂದ ಬುಟ್ಟಿ ಇಳಿಬಿಡುವ ಅತ್ತಿಗೆ ನಾದಿನಿಯರ ಮನೆ, ಹಲ್ಲಿನ ಡಾಕ್ಟರ ಮನೆ. ಪ್ರತಿ ಬಾಗಿಲಲ್ಲೂ ಜನ ಹೊರಗೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ, ಕೈಯಲ್ಲಿ ಏನೂ ಇಲ್ಲದೆ ನಿಂತ ನಮ್ಮನ್ನು ನೋಡಿದರು. ಒಬ್ಬೊಬ್ಬರೇ ಬಂದು ಅವಳ ಮೂಗಿನ ಮೇಲೆ ಕೈ ಸವರಿ ಒಳಗೆ ಹೋದರು. ಕಣಿವೆಯ ಕಡೆ ಬಾಗಿಲಿರುವ ಆ ಮುಚ್ಚಿದ ಮನೆಯ ಮುಂದೆಯೂ ನಿಂತಳು, ಅಲ್ಲಿದ್ದ ಒಂಟಿ ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾಯಿತು. ಬಾಗಿಲು ತೆರೆಯುವುದಿಲ್ಲ ಎಂದು ಅವಳಿಗೆ ಹೇಳುವವರು ಯಾರು? ನಾವು ಕಾದೆವು. ಬೀಗದ ಮೇಲೆ ಬಿಸಿಲು ಬಿದ್ದಿತ್ತು, ಅವಳು ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಂದು ನಿಡಿದಾದ ಉಸಿರು ಬಿಟ್ಟು ಹೊರಟಳು. ಹೀಗೆ ನಿಂತು ನಿಂತು ಹೋದದ್ದರಿಂದಲೇ ಅವಳಿಗೆ ಆ ಗುಡ್ಡ ಹತ್ತಲು ಆಯಿತು. ನನಗೂ. ಸೂರ್ಯ ಇಳಿಯುವ ಹೊತ್ತಿಗೆ ಮೇಲೆ ಮುಟ್ಟಿದೆವು. ಬೇಲಿ ದಾಟಿದೊಡನೆ ಅವಳು ತಲೆ ತಗ್ಗಿಸಿ, ಹುಲ್ಲನ್ನು ತಿನ್ನದೆ ಬರೀ ಮೂಸಿದಳು. ಎಷ್ಟೋ ಹೊತ್ತು ಹಾಗೇ ಮೂಸುತ್ತ ನಡೆದಳು, ಓದುವವರ ಹಾಗೆ.

ಅಂದಿನಿಂದ ಇಲ್ಲೇ ಇದ್ದಾಳೆ. ಮೇಲೆ ಮಾಡು ಮಾತ್ರ ಇರುವ, ಮೂರು ಕಡೆ ತೆರೆದ ಒಂದು ಚಪ್ಪರ ಕಟ್ಟಿದ್ದೇವೆ. ಮಳೆ ಬಂದರೆ ಅದರಡಿ ನಿಲ್ಲುತ್ತಾಳೆ, ಇಲ್ಲದಿದ್ದರೆ ಬಯಲಲ್ಲೇ. ಪಂಪು ತಪ್ಪಿಸುವುದಿಲ್ಲ, ಒದ್ದೆ ಹುಲ್ಲೂ ತಪ್ಪಿಸುವುದಿಲ್ಲ. ವಾಸಿಯಾಗಿಲ್ಲ, ಆ ಭ್ರಮೆ ನನಗಿಲ್ಲ. ಹುಲ್ಲು ಹೂ ಬಿಟ್ಟ ವಾರ ಮತ್ತೆ ಸೀಟಿ ಕೇಳಿಸಿತು. ಡಾಕ್ಟರಮ್ಮ ಬಂದು ಔಷಧಿ ಸ್ವಲ್ಪ ಹೆಚ್ಚಿಸಿ, ಇಳಿದ ಮೇಲೆ ಮತ್ತೆ ತಗ್ಗಿಸಿದರು. ಇನ್ನು ಬಂಡಿ ಎಳೆಯುವುದಿಲ್ಲ, ಅದೂ ನಿಶ್ಚಯ. ಬ್ರೆಡ್ಡು ಈಗ ಸೈಕಲ್ಲಿನ ಮೇಲೆ ಹೋಗುತ್ತದೆ, ಬೇಕರಿಯನ್ನು ಕಲಸುವ ಅಕ್ಕ ನೋಡಿಕೊಳ್ಳುತ್ತಿದ್ದಾಳೆ. ಅವಳ ಬ್ರೆಡ್ಡು ನನ್ನದಕ್ಕಿಂತ ಮೆತ್ತಗಿದೆ ಎಂದು ಹಲ್ಲಿನ ಡಾಕ್ಟರು ಹೇಳಿದರಂತೆ. ಹಲ್ಲಿನ ಡಾಕ್ಟರಿಗೆ ಮೆತ್ತಗಿರುವುದೇ ಇಷ್ಟವಾದರೆ ಅವರ ಕಸುಬು ನಡೆಯುವುದು ಹೇಗೋ!

ಒಂದು ಸಂಗತಿ ಹೇಳಬೇಕು. ಮೊದಮೊದಲು ನಾನು ಬೆಳಗಿನ ಒಲೆ ಮುಗಿಸಿ ಇಲ್ಲಿಗೆ ಬರುತ್ತಿದ್ದೆ. ಅವಳು ಬೇಲಿಯ ಹತ್ತಿರ ಓಡಿಬರುತ್ತಿದ್ದಳು, ನನ್ನ ಅಂಗಿಗೆ ಮೂಗಿಟ್ಟು ಕೆಮ್ಮುತ್ತಿದ್ದಳು, ಹಿಂದೆ ಸರಿಯುತ್ತಿದ್ದಳು. ಮತ್ತೆ ಹತ್ತಿರ ಬರುತ್ತಿದ್ದಳು, ಮತ್ತೆ ಕೆಮ್ಮು. ಡಾಕ್ಟರಮ್ಮ ನೋಡಿ, ‘ಧೂಳನ್ನ ನೀವೇ ಹೊತ್ಕೊಂಡು ಬರ್ತಿದೀರಲ್ಲ’ ಎಂದರು. ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಂದೆ. ಆದರೆ ಕೂದಲಲ್ಲಿ, ಕಿವಿಯಲ್ಲಿ, ಉಗುರಿನ ಸಂದಿಯಲ್ಲಿ ಜೀವಮಾನದ ಹಿಟ್ಟಿದೆಯಲ್ಲ, ಅದನ್ನು ಯಾವ ಸೋಪು ತೊಳೆಯುತ್ತದೆ? ಒಂದು ವಾರ ಕೆಳಗೆ ಹೋಗದೆ ಅಜ್ಜನ ವರಾಂಡದಲ್ಲೇ ಉಳಿದೆ. ಆ ವಾರದ ಕೊನೆಯಲ್ಲಿ ಅವಳು ನನ್ನ ಎದೆಗೆ ಮೂಗಿಟ್ಟು, ಒಂದು ಸಲವೂ ಕೆಮ್ಮದೆ, ಸುಮ್ಮನೆ ನಿಂತಳು. ನನಗೆ ಆಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನಾನೂ ಕೆಮ್ಮಿ ಎಷ್ಟೋ ದಿನವಾಗಿತ್ತು.

ಮಧ್ಯಾಹ್ನ ತೂಕಡಿಸುವಾಗ ಒಂದೇ ಕನಸು ಬರುತ್ತದೆ. ಒಲೆಯ ಬಾಗಿಲು ತೆರೆಯುತ್ತೇನೆ, ಒಳಗೆ ಬೆಂಕಿಯಿರುವುದಿಲ್ಲ, ದೊಡ್ಡ ಬಯಲಿರುತ್ತದೆ. ಬಯಲಿನಲ್ಲಿ ಸಾಲಾಗಿ ಬಿಳಿ ಉಂಡೆಗಳು, ಮೆಲ್ಲಗೆ ಉಬ್ಬುತ್ತ, ಮೆಲ್ಲಗೆ ಇಳಿಯುತ್ತ ಇರುತ್ತವೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಮಲಗಿದ ಕುದುರೆಗಳು. ಅವುಗಳ ನಡುವೆ ನೀನು ಮಗುವನ್ನು ಎತ್ತಿಕೊಂಡು, ಯಾರನ್ನೂ ಎಬ್ಬಿಸದ ಹಾಗೆ ಹೆಜ್ಜೆ ಇಡುತ್ತ ಬರುತ್ತಿರುತ್ತೀಯ. ನಾನು ಕರೆಯಬೇಕೆಂದು ಬಾಯಿ ತೆರೆಯುತ್ತೇನೆ, ಕರೆಯದೆಯೇ ನೀನು ನನ್ನ ಕಡೆ ತಿರುಗುತ್ತೀಯ. ಎಚ್ಚರವಾದಾಗ ಎದುರಿಗೆ ಗಸಗಸೆ ಇರುತ್ತಾಳೆ. ಈ ಕನಸಿಗೆ ಅರ್ಥ ಗಿರ್ಥ ಹುಡುಕಬೇಡ, ನನಗೆ ಹಿತವಾಗುತ್ತದೆ, ಅಷ್ಟೇ.

ನೆರಳು ಉದ್ದವಾಗುತ್ತಿದೆ, ಪಂಪಿನ ಹೊತ್ತಾಯಿತು. ಅವಳು ಆಗಲೇ ತಲೆಯೆತ್ತಿ ನನ್ನ ಕಡೆ ನೋಡುತ್ತಿದ್ದಾಳೆ. ಮಗಳಿಗೆ ನನ್ನ ಪ್ರೀತಿ ಹೇಳು, ಕೆಲಸ ಕೆಲಸ ಎಂದು ಮೈ ಮರೆಯಬಾರದು ಎಂದು ಹೇಳು. ಅಳಿಯನಿಗೆ ನನ್ನ ನೆನಪುಗಳು. ಮೊಮ್ಮಗಳ ನೆತ್ತಿಯ ಮೇಲೆ ನನ್ನ ಪರವಾಗಿ ಒಂದು ಮುತ್ತು, ಅವಳ ಆಯಸ್ಸು ಈ ಬಯಲಿನಷ್ಟು ಉದ್ದವಾಗಲಿ, ಉಸಿರು ಈ ಗಾಳಿಯಷ್ಟು ಸಲೀಸಾಗಲಿ. ನಿನ್ನ ತಮ್ಮ ಎಲ್ಲರನ್ನೂ ಕೇಳಿದ್ದಾನೆ. ನಿನ್ನ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುವುದನ್ನು ಮರೆಯಬೇಡ.

ಇತಿ ನಿನ್ನ,
‘ರೀ’

ವಿ.ಸೂ.: ಸೋಮವಾರ ಬೆಳಗ್ಗೆ. ಅಂಚೆ ಡಬ್ಬದ ಮೇಲಿಟ್ಟು ಬರೆಯುತ್ತಿದ್ದೇನೆ, ಅಂಚೆಯವನು ಚೀಲ ಹಿಡಿದು ನಿಂತಿದ್ದಾನೆ. ಇಷ್ಟುದ್ದ ಬರೆದು ಅಸಲು ಮಾತೇ ಬರೆಯಲಿಲ್ಲ. ಬರುವಾಗ ನಮ್ಮ ಬೀದಿಯಲ್ಲಿ ಇಳಿಯಬೇಡ. ಬೇಕರಿಯನ್ನೂ ಮೇಲಿನ ಮನೆಯನ್ನೂ ಕಲಸುವ ಅಕ್ಕನಿಗೆ ಬಿಟ್ಟುಕೊಟ್ಟೆ. ಸದ್ಯಕ್ಕಲ್ಲ, ಪೂರ್ತಿಯಾಗಿ. ಟ್ಯಾಂಕಿನ ಅಜ್ಜ ಮಗನ ಊರಿಗೆ ಹೋದ, ಅವನ ಮನೆ ಈಗ ನಮ್ಮದು. ನಿನ್ನ ಬೀರು, ಹೊಲಿಗೆ ಯಂತ್ರ, ಹೂಕುಂಡ ಎಲ್ಲ ಒಂದೂ ಒಡೆಯದೆ ಬಂದಿವೆ. ಒಲೆ ಬಿಡಿ, ಬಿಡಿ ಎಂದು ನೀನು ಇಷ್ಟು ವರ್ಷ ಹೇಳಿದಾಗ ಬಿಡದವನು ಕುದುರೆಗಾಗಿ ಬಿಟ್ಟನಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಅವಳ ನೆಪದಲ್ಲಿ ನಿನ್ನ ಮಾತು ಕೇಳಿದೆ ಎಂದುಕೋ. ಮಗಳಿಗೆ ನಿಧಾನವಾಗಿ ಹೇಳು, ಅವಳು ಹುಟ್ಟಿದ ಮನೆ. ಗುಡ್ಡದ ಮೇಲಿನ ಕೊನೆಯ ಬಸ್ ನಿಲ್ದಾಣದಲ್ಲಿ ಇಳಿ. ಇಲ್ಲಿ ಎರಡೇ ಕೋಣೆ, ಅಡುಗೆಮನೆಗೆ ಕಿಟಕಿಯಿಲ್ಲ. ನಿನ್ನ ತಮ್ಮ ಸುತ್ತಿಗೆ ಹಿಡಿದು ಕೂತಿದ್ದಾನೆ. ಯಾವ ಗೋಡೆ ಒಡೆಯಬೇಕು ಎಂಬುದನ್ನು ಮಾತ್ರ ನೀನೇ ಬಂದು ಹೇಳಬೇಕು. ಬೇಗ ಬಾ.